ಆರತಿಗೆ ಕೂಗದ ಸೈರನ್

ಹತ್ತಿ ಮಿಲ್ಲಿಗೆ ಬೆಂಕಿ ಬೆಂಕಿಯಾಗಿ ಬರುವುದಿಲ್ಲ. ಹೊಲದಿಂದ ಹತ್ತಿಯ ಜೊತೆ ಬಂದ ಒಂದು ಹರಳೋ, ಟ್ರಾಲಿಯಿಂದ ಉದುರಿದ ಒಂದು ಮೊಳೆಯೋ ಓಡುವ ರೋಲರಿಗೆ ತಾಗಿ ಕಿಡಿ ಹಾರುತ್ತದೆ. ಆ ಕಿಡಿ ಹತ್ತಿಯೊಳಗೆ ಅಡಗಿ, ಫ್ಯಾನು ಎಳೆಯುವ ತಗಡಿನ ಕೊಳವೆಯಲ್ಲಿ ಸಾಗಿ, ಅರಳೆಯ ರಾಶಿಯನ್ನು ಸೇರಿ ಅಲ್ಲಿ ಸದ್ದಿಲ್ಲದೆ ಹೊಗೆಯಾಡುತ್ತದೆ. ಹಿಡಿಯುವುದಾದರೆ ಅದನ್ನು ಕೊಳವೆಯಲ್ಲೇ ಹಿಡಿಯಬೇಕು. ಅದಕ್ಕೆಂದು ಕೊಳವೆಯ ಉದ್ದಕ್ಕೂ ಬೆಳಕು ಕಾಣುವ ಸೆನ್ಸರುಗಳನ್ನು ಕೂರಿಸಿರುತ್ತಾರೆ. ಮಿಲ್ಲಿನವರು ಅವನ್ನು ಕಣ್ಣು ಅನ್ನುತ್ತಾರೆ. ಕಿಡಿಯಾದರೋ ನಾವು ರೆಪ್ಪೆ ಬಡಿಯುವಷ್ಟರಲ್ಲಿ ಆ ಕಣ್ಣಿನ ಮುಂದಿನಿಂದ ದಾಟಿಹೋಗಿರುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ. ನಮ್ಮ ಯಜಮಾನರ ಗೆಳೆಯರೊಬ್ಬರು ಯಾದಗಿರಿಯಲ್ಲಿ ಎಲೆಕ್ಟ್ರಿಕ್ ಪ್ಯಾನೆಲ್ ಮಾಡುತ್ತಾರೆ. ಅವರು ಒಂದು ದಿನ ರಟ್ಟಿನ ಡಬ್ಬಿ ಹಿಡಿದು ಬಂದರು. ಒಳಗೊಂದು ಸಣ್ಣ ಕಂಪ್ಯೂಟರ್ ಬೋರ್ಡು, ಪರದೆ, ಸೈರನ್, ತಂತಿ, ಎರಡು ಕಣ್ಣುಗಳು.

“ವೈನಿ, ನೀವು ಎಲೆಕ್ಟ್ರಾನಿಕ್ಸ್ ಓದೀರಿ. ಇದರ ಪ್ರೋಗ್ರಾಮ್ ಬರಿಯಾಂವ ಅರ್ಧಕ್ಕ ಬಿಟ್ಟು ಕಡೇಚೂರ ಫ್ಯಾಕ್ಟರಿಗೆ ಹೋಗ್ಯಾನ. ಜರಾ ನೋಡ್ರಿ, ವಾರದ ಕೆಲಸ ಅದ.”

“ವಾರದ ಕೆಲಸ ಇದ್ದಿದ್ರ ಅಂವ ಯಾಕ ಓಡಿ ಹೋಗ್ತಿದ್ದ?” ಅಂದೆ.

ಅವರು ನಕ್ಕರು. ನಾನು ಒಲ್ಲೆ ಅನ್ನುವವಳೇ ಇದ್ದೆ. ಅಷ್ಟರಲ್ಲಿ ನಮ್ಮ ಅತ್ತೆಯವರು ಚಹಾ ತಂದಿಟ್ಟು, “ಹೂಂ ಅನ್ನವ್ವ. ಮನಿಗಿ ಬಂದವ್ರನ್ನ ಬರಿಗೈಲೆ ಕಳಸಬಾರದು” ಅಂದರು. ನಾನು ಆ ಮಿಲ್ಲಿನಲ್ಲಿ ಸಿಕ್ಕಿಬಿದ್ದದ್ದು ಹೀಗೆ, ಒಂದು ಕಪ್ ಚಹಾದ ಮರ್ಯಾದೆಗೆ.

ಮೊದಲು ಆ ಓಡಿಹೋದವನು ಬರೆದಿಟ್ಟ ಪ್ರೋಗ್ರಾಮನ್ನು ಓದಿದೆ. ಕಣ್ಣು ಬೆಳಕನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಆ ಅಳತೆ ಕಂಪ್ಯೂಟರಿನ ಮೆಮೊರಿಗೆ ಬಂದು ಕೂರಬೇಕು. ಪ್ರೊಸೆಸರ್ ಅದನ್ನು ನೋಡಿ ಕಿಡಿಯೋ ಅಲ್ಲವೋ ಎಂದು ಹೇಳಬೇಕು. ಅವನು ಮಾಡಿದ್ದು ಸರದಿಯ ಪ್ರಕಾರ ಕೇಳಿ ತರುವ ಪದ್ಧತಿ, ಪೋಲಿಂಗ್. ಪ್ರೊಸೆಸರ್ ತಾನೇ ಒಂದೊಂದು ಕಣ್ಣಿನ ಬಳಿ ಹೋಗಿ “ಏನು ಕಂಡೆ?” ಎಂದು ಕೇಳುತ್ತದೆ, ತಂದು ಮೆಮೊರಿಯಲ್ಲಿಡುತ್ತದೆ, ನೋಡುತ್ತದೆ, ಕಿಡಿ ಇಲ್ಲದಿದ್ದರೆ ಪರದೆಯ ಮೇಲೆ ಹಸಿರು ಬಣ್ಣ ಬರೆಯುತ್ತದೆ, ಮೊಬೈಲಿಗೆ ಹಾಕುವಂಥ ಸಣ್ಣ ಕಾರ್ಡಿನಲ್ಲಿ ದಾಖಲೆ ಬರೆಯುತ್ತದೆ. ಆಮೇಲೆ ಮತ್ತೆ ಮೊದಲ ಕಣ್ಣು. ಕಾರ್ಡಿಗೆ ಬರೆಯುವುದು ನಿಧಾನದ ಕೆಲಸ. ಆ ಹೊತ್ತಿನಲ್ಲಿ ಕಣ್ಣಿನ ಮುಂದೆ ಏನು ಹಾಯ್ದರೂ ಕೇಳುವವರಿಲ್ಲ. ಕೋಣೆ ಕತ್ತಲೆ ಮಾಡಿ ಬ್ಯಾಟರಿ ದೀಪವನ್ನು ಚಕ್ಕನೆ ಹಚ್ಚಿ ಆರಿಸಿ ನೋಡಿದೆ. ಒಮ್ಮೆ ಸೈರನ್ ಕೂಗಿತು, ಒಮ್ಮೆ ಸುಮ್ಮನಿತ್ತು.

ನಮ್ಮ ಓಣಿಯಲ್ಲಿ ನಳದ ನೀರು ಹೇಳಿ ಬರುವುದಿಲ್ಲ. ಬಂತೇನೋ ಎಂದು ಆಗಾಗ ಹೋಗಿ ನೋಡುತ್ತಿದ್ದರೆ, ನಾವು ರೊಟ್ಟಿ ತಟ್ಟುವಾಗಲೇ ಬಂದು ಹೋಗಿರುತ್ತದೆ. ಇದೂ ಹಾಗೇ.

ನಾನು ಇಂಟರಪ್ಟ್ ಪದ್ಧತಿಗೆ ಬದಲಾಯಿಸಿದೆ. ಇದರಲ್ಲಿ ಪ್ರೊಸೆಸರ್ ಕೇಳಲು ಹೋಗುವುದಿಲ್ಲ. ಅಳತೆ ಸಿದ್ಧವಾದಾಗ ಕಣ್ಣಿನ ಕಡೆಯಿಂದಲೇ ಕರೆ ಬರುತ್ತದೆ. ಪ್ರೊಸೆಸರ್ ಮಾಡುತ್ತಿದ್ದ ಕೆಲಸ ಎಲ್ಲಿಗೆ ನಿಂತಿತೆಂದು ಗುರುತಿಟ್ಟು ಎದ್ದುಬಂದು, ಅಂಕಿಯನ್ನು ಮೆಮೊರಿಯಲ್ಲಿಟ್ಟು, ಮರಳಿ ಕೆಲಸಕ್ಕೆ ಕೂರುತ್ತದೆ. ಪಡಸಾಲೆಯಲ್ಲಿ ಎಷ್ಟು ಸಲ ಬ್ಯಾಟರಿ ಮಿಂಚಿಸಿದರೂ ಒಂದನ್ನೂ ಬಿಡಲಿಲ್ಲ. ಅತ್ತೆಯವರಿಗೇ ಬೇಸರವಾಗಿ, “ಸಾಕು ಬಿಡು ಯವ್ವಾ, ಓಣಿ ಮಂದಿ ಆಂಬುಲೆನ್ಸ್ ಬಂದದೇನಂತ ಕೇಳಾಕತ್ತಾರ” ಅಂದರು.

ಮಿಲ್ಲಿಗೆ ಹೊರಟೆ. ಬಸ್ಸಿನ ಕಿಟಕಿಗೆ ಮಲಗಿದ ಬುದ್ಧನ ಗುಡ್ಡ ಬಂದರೆ ಶಹಾಪುರ ಬಂತೆಂದು ಲೆಕ್ಕ. ಅಲ್ಲಿಂದ ಯಾದಗಿರಿ ರಸ್ತೆಯ ಮಿಲ್ಲಿಗೆ ಟಂಟಂ ಆಟೊ. ಒಂದೆರಡು ದಿನದಲ್ಲಿ ಬರುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಆದರೆ ಮಿಲ್ಲಿನ ಸಾವ್ಕಾರ್ರು ಬಿಡಲಿಲ್ಲ. ವಿಮೆಯವರು ಬಂದು ಕಿಡಿ ಹಿಡಿಯುವ ಯಂತ್ರವನ್ನು ಕಣ್ಣಾರೆ ನೋಡುವ ತನಕ ನಾನು ದಿನಾ ಬರಬೇಕು. ವಿಮೆಯವರು ನಾಳೆ ಅನ್ನುವರು, ನಾಳಿದ್ದು ಅನ್ನುವರು. ಮಿಲ್ಲಿನ ಎತ್ತರದಲ್ಲಿ ಗಾಜಿನದೊಂದು ಕೋಣೆ, ಅಲ್ಲಿ ನನ್ನ ಕುರ್ಚಿ. ಕಿಟಕಿ ತೆರೆದರೆ ಅರಳೆಯ ಧೂಳು, ಮುಚ್ಚಿದರೆ ಉಸಿರಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದವಳಿಗೆ ಸಂಜೆಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಅದೇ ಶಿವನ ಕೃಪೆ. ಮನೆಯಲ್ಲಿ ರೊಟ್ಟಿಯ ಕೆಲಸವೆಲ್ಲ ಅತ್ತೆಯವರ ಮೇಲೆ, ಇಲ್ಲಿ ನಾನು ಮಾಡುವುದೇನೂ ಇಲ್ಲ. ಎದ್ದು ಹೋಗುವಂತೆಯೂ ಇರಲಿಲ್ಲ.

ಹೀಗೆ ಎಳ್ಳ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಉಣ್ಣುತ್ತಾರೆ. ಮಿಲ್ಲಿನಲ್ಲಿಯೂ ಪೂಜೆ ಮುಗಿಸಿ ಎಲ್ಲರಿಗೂ ರಜೆ ಎಂದಿದ್ದರು. ಪೂಜೆ ಮುಗಿದ ಕೂಡಲೆ ಹೊರಟರೆ ಹೊಲದ ಊಟಕ್ಕೆ ನಾನೂ ಮುಟ್ಟುತ್ತಿದ್ದೆ.

ಅಂದು ಮುಂಜಾನೆ ಯಾದಗಿರಿಯ ಆ ಪ್ಯಾನೆಲ್ಲಿನವರು ಕೊಳವೆಯ ಉಳಿದ ಕಣ್ಣುಗಳನ್ನೆಲ್ಲ ಜೋಡಿಸಿದರು. ಅಲ್ಲಿಯವರೆಗೆ ಎರಡೇ ಕಣ್ಣು ನಡೆಯುತ್ತಿದ್ದವು. ಪರದೆಯ ಮೇಲೆ ಎಲ್ಲ ಕಣ್ಣಿನ ಹೆಸರೂ ಹಸಿರಾಗಿ ಬಂದವು. ಯಂತ್ರ ನಡೆಸುವ ಮಿಸ್ತ್ರಿ ಅವುಗಳಿಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದ. ಕೊಳವೆಯ ಬಾಯಿಯ ಹತ್ತಿರ ಒಂದು ಗಾಜಿನ ಕಿಂಡಿ ಇದೆ. ಕರ್ಪೂರದ ಆರತಿಯನ್ನು ಆ ಕಿಂಡಿಗೆ ಎತ್ತಿ ಬೆಳಗಿದ. ಕಿಂಡಿಯ ನೇರ ಎದುರಿಗೇ ಒಂದು ಕಣ್ಣಿದೆ.

ಸೈರನ್ ಕೂಗಲಿಲ್ಲ.

ಸಾವ್ಕಾರ್ರು ಕೈಮುಗಿದೇ ನನ್ನ ಕಡೆ ತಿರುಗಿ, “ಭೇಷ್ ತಂಗಿ! ನಿನ್ನ ಮಿಷನ್‌ಗೂ ದೇವರ ಬೆಳಕು ಯಾವ್ದು, ಕಿಡಿ ಯಾವ್ದು ಅಂತ ತಿಳೀತದ ನೋಡು. ಪೂಜಿ ಕೆಡಸಲಿಲ್ಲ” ಅಂದರು.

ಎಲ್ಲರೂ ನಕ್ಕರು. ಆ ಬೋರ್ಡಿಗೆ ದೇವರೂ ಗೊತ್ತಿಲ್ಲ, ದೆವ್ವವೂ ಗೊತ್ತಿಲ್ಲ. ಉರಿ ಕಂಡರೆ ಅದು ಕೂಗಲೇಬೇಕಿತ್ತು.

“ಸಾವ್ಕಾರ್ರ, ಇದು ಕೂಗಬೇಕಿತ್ತರಿ. ಹತ್ತಿ ಮಿಷನ್ ಚಾಲು ಮಾಡಬ್ಯಾಡ್ರಿ, ನೋಡತೀನಿ.”

“ಪೂಜಿ ಮಾಡಿದ ಮಿಷನ್ ಖಾಲಿ ಬಾಯಿಲೆ ಬಿಡಬಾರದವ್ವ. ಒಂದು ಟ್ರಾಲಿ ಉಣಸಿ ಬಂದ್ ಮಾಡೋಣು. ಎಷ್ಟೊತ್ತಿನ ಮಾತು?”

ಅದು ಆ ಮಿಲ್ಲಿನ ಪದ್ಧತಿ. ಅಷ್ಟೊತ್ತಿಗೆ ನನಗೊಂದು ಕಾರಣ ಹೊಳೆದಿತ್ತು. ಮಿಸ್ತ್ರಿ ಭಕ್ತಿಯಿಂದ ಕಣ್ಣಿನ ಗಾಜಿನ ಮೇಲೂ ವಿಭೂತಿ ಬಳಿದಿರಬೇಕು. ಮುಂಬಾಗಿಲಿನ ಬಳಿ ನಿಂತಿದ್ದವಳು ಸರಸರನೆ, ಹತ್ತಿಯಿಂದ ಬೀಜ ಬಿಡಿಸುವ ಜಿನ್ ನಡೆಯುವ ಹಾಲಿನೊಳಗೆ ಹೋದೆ. ನಿಜವೇ ಇತ್ತು. ಗಾಜಿನ ಮೇಲೆ ಮೂರು ಬೆರಳಿನ ಪಟ್ಟೆ, ನಡುವೆ ಕುಂಕುಮದ ಬೊಟ್ಟು. ಶಿವ ಶಿವಾ ಎಂದು ಸೆರಗಿನಿಂದ ಒರೆಸಿದೆ. ಮುಂದಿನದಕ್ಕೂ ಬಳಿದಿದ್ದ, ಅದನ್ನೂ ಒರೆಸಿದೆ.

ಅಷ್ಟರಲ್ಲಿ ಹಿಂದೆ ದಡದಡ ಸದ್ದಾಯಿತು. ತಿರುಗಿ ನೋಡಿದರೆ ನಾನು ಬಂದ ಬಾಗಿಲು ಇರಲಿಲ್ಲ.

ಅಲ್ಲಿ ಕೆಲಸ ನಡೆಯುವುದೇ ಹಾಗೆ. ಟ್ರಾಲಿಯ ಹತ್ತಿಯನ್ನು ಹಾಲಿನ ಮುಂಬಾಗಿಲಿಗೇ ಸುರಿಯುತ್ತಾರೆ. ಒಳಗಿನ ಹೆಣ್ಣುಮಕ್ಕಳು ಅದನ್ನು ಬುಟ್ಟಿ ಬುಟ್ಟಿಯಾಗಿ ಎಳೆದು ಯಂತ್ರಕ್ಕೆ ಹಾಕುತ್ತಾರೆ. ರಾಶಿ ಕರಗಿದ ಮೇಲೆಯೇ ದಾರಿ. ಗಾಜಿನ ಕೋಣೆಯಿಂದ ದಿನಾ ಆ ರಾಶಿಯ ಬೆನ್ನು ನೋಡಿದ್ದೆ, ಅದರ ಹೊಟ್ಟೆಯ ಕಡೆ ಯಾರಿರುತ್ತಾರೆಂದು ಯೋಚಿಸಿರಲಿಲ್ಲ. ಯಂತ್ರ ಚಾಲೂ ಆಯಿತು. ಮಾತು ಕೇಳದಷ್ಟು ಸದ್ದು.

ಮುದನಾಳದ ಕಡೆಯಿಂದ ಬರುವ ಹೆಣ್ಣುಮಕ್ಕಳ ಗುಂಪಿಗೆ ಒಬ್ಬಳು ಹಿರಿಯಳಿದ್ದಳು. ಅವಳು ನನ್ನ ಕಿವಿಯಲ್ಲಿ ಕೂಗಿದಳು: “ಅಕ್ಕೋರು ಸಿಕ್ಕೊಂಡ್ರಿ! ಇನ್ನ ಹತ್ತಿ ತೀರೂತನಕ ನಮ್ಮ ಜೋಡೀನ!”

“ಹಿಂದಿನ ಬಾಗ್ಲಾ?”

“ಅದಕ್ಕ ಕೀಲಿ ಹಾಕ್ಯಾರ. ನಾವು ಉಡಿಯಾಗ ಹತ್ತಿ ಕಟಗೊಂಡು ಹೋಗ್ತೀವಂತ. ಅಷ್ಟು ಹತ್ತೀಲಿ ಏನ್ ಮಾಡಬೇಕ್ರಿ ನಾವು, ದೇವರಿಗಿ ಬತ್ತಿ ಹೊಸಿಬೇಕೇನು?”

ಅವಳು ನಕ್ಕು ಬುಟ್ಟಿ ಎತ್ತಿಕೊಂಡಳು. ನಾನು ಮೊಬೈಲಿನ ದೀಪ ಹಚ್ಚಿ, ಆಗಷ್ಟೇ ಒರೆಸಿದ ಕಣ್ಣಿಗೆ ಹಿಡಿದೆ. ಸೈರನ್ ಇಲ್ಲ. ಆರಿಸಿ ಹಚ್ಚಿದೆ. ಇಲ್ಲ. ಗೋಡೆಯ ಮೇಲೆ ಬೋರ್ಡು ಕೂರಿಸಿದ ಡಬ್ಬಿಯ ಪರದೆ ಮಾತ್ರ ಹಸಿರಾಗಿ ನಿಂತಿತ್ತು.

ಆಗ ತಿಳಿಯಿತು. ವಿಭೂತಿಯದೇನೂ ತಪ್ಪಿರಲಿಲ್ಲ. ಎರಡು ಕಣ್ಣಿದ್ದಾಗ ಕರೆಗಳ ನಡುವೆ ಪ್ರೊಸೆಸರಿಗೆ ಬಿಡುವಿತ್ತು. ಎಲ್ಲ ಕಣ್ಣುಗಳೂ ಒಟ್ಟಿಗೆ ಕರೆಯತೊಡಗಿದ ಮೇಲೆ ಅದು ಒಂದು ಅಂಕಿಯನ್ನು ಮೆಮೊರಿಯಲ್ಲಿಟ್ಟು ತಿರುಗುವಷ್ಟರಲ್ಲಿ ಮತ್ತೊಂದು ಕರೆ. ತರುವುದೇ ಅದರ ಸಂಪೂರ್ಣ ಕೆಲಸವಾಯಿತು. ತಂದದ್ದನ್ನು ನೋಡಿ ಕಿಡಿ ಎಂದು ಹೇಳಲು ಸರದಿಯೇ ಬರಲಿಲ್ಲ, ಪರದೆಯನ್ನು ಬದಲಾಯಿಸಲೂ ಬರಲಿಲ್ಲ. ನಾವು ನೋಡುತ್ತಿದ್ದ ಹಸಿರು ಅದು ಉಸಿರುಗಟ್ಟುವ ಮುಂಚೆ ಬರೆದ ಹಸಿರು.

ಮುಂದೆ ಹತ್ತಿ, ಹಿಂದೆ ಕೀಲಿ. ಕೊಳವೆಯಲ್ಲಿ ಕಿಡಿ ಹೋದರೆ ನೋಡುವವರಿಲ್ಲ. ನನ್ನ ಸುತ್ತ ಹೆಣ್ಣುಮಕ್ಕಳು ಮೂಗಿಗೆ ಸೆರಗು ಸುತ್ತಿಕೊಂಡು ಬುಟ್ಟಿ ಸುರಿಯುತ್ತಿದ್ದಾರೆ. ಹೊಲದಲ್ಲಿ ನಮ್ಮವರು ನನಗಾಗಿ ಬುತ್ತಿ ಬಿಚ್ಚದೆ ಕಾಯುತ್ತಿರಬಹುದು ಎಂದು ಯಾಕೋ ಆಗಲೇ ನೆನಪಾಯಿತು.

ಯಂತ್ರದ ಪಕ್ಕದಲ್ಲಿ ಕೆಂಪು ಗುಂಡಿ ಇತ್ತು. ಮಿಸ್ತ್ರಿಯನ್ನು ಬಿಟ್ಟು ಯಾರೂ ಮುಟ್ಟುವಂತಿಲ್ಲ. ಅಮಾವಾಸ್ಯೆಯ ದಿನ, ಆಗ ತಾನೆ ಪೂಜೆ ಆದ ಯಂತ್ರ, ಬಾಯಲ್ಲಿ ಮೊದಲ ತುತ್ತು. ಅದನ್ನು ನಿಲ್ಲಿಸುವುದೆಂದರೆ ಉಣ್ಣುವವನ ತಾಟು ಎಳೆದಂತೆ. ನನ್ನಂಥವಳಿಗೆ ಅದು ಸಣ್ಣ ಮಾತಲ್ಲ. ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಗುಂಡಿ ಒತ್ತಿದೆ.

ಸದ್ದು ನಿಂತಿತು. ರಾಶಿಯ ಆಚೆಯಿಂದ ಸಾವ್ಕಾರ್ರ ದನಿ ಬಂತು: “ಯಾರಾ ಅದು? ಯಾರು ಬಂದ್ ಮಾಡ್ದವ್ರು?”

“ನಾನ್ರಿ.”

“ಹುಚ್ಚು ಹಿಡದದೇನು ನಿನಗ? ಅಮಾಸಿ ದಿನ!”

“ಕಿಡಿ ಹಿಡಿಯೋ ಡಬ್ಬಿಗಿ ಏನೂ ಕಾಣಾಕತ್ತಿಲ್ರಿ, ಕುರುಡಾಗ್ಯದ. ನಾವೆಲ್ಲ ಒಳಗಿದೀವಿ. ಹಿಂದಿನ ಕೀಲಿ ತಗೀರಿ ಮೊದ್ಲ.”

“ಹತ್ತಿ ಹಾಕಿ ಮುಗಸ್ರಿ, ದಾರಿ ತಾನ ಆಗ್ತದ.”

ನಾನು ಉತ್ತರ ಕೊಡುವ ಮೊದಲೇ ಹಿರಿಯಳು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. “ಅಕ್ಕೋರು ಹೇಳಾತನಕ ನಾವೂ ಏಳಂಗಿಲ್ಲಪ. ಇವತ್ತು ಹಬ್ಬ, ಕುಂತು ಹಾಡ್ತೀವಿ” ಅಂದಳು. ಉಳಿದವರೂ ಕೂತರು. ಒಬ್ಬಳು ನಿಜವಾಗಿಯೂ ಹಾಡತೊಡಗಿದಳು.

ತಡವಾಗಿಯಾದರೂ ಹಿಂದಿನ ಕೀಲಿ ಕಳಚಿದ ಸದ್ದಾಯಿತು. ಮಿಸ್ತ್ರಿ ಬಾಗಿಲು ದೂಡಿದಾಗ ಜಾಲಿಗಿಡದ ಬಯಲಿನಿಂದ ಬೆಳಕು ಒಳಗೆ ಬಿತ್ತು. ಗಾಳಿ ಬಂತು. ಆ ದಿನ ಹೊಲದ ಊಟಕ್ಕೆ ನಾನು ಮುಟ್ಟಲಿಲ್ಲ. ಸಂಜೆ ಹೋದಾಗ ಅತ್ತೆಯವರು ಭಜ್ಜಿ, ರೊಟ್ಟಿ ಎತ್ತಿಟ್ಟಿದ್ದರು.

ಮರುದಿನ ಸಾವ್ಕಾರ್ರು ಒಂದೇ ಮಾತು ಹೇಳಿದರು. “ನಿನ್ನ ಡಬ್ಬಿ ಖರೇ ಕೆಲಸ ಮಾಡೂತನಕ ಆ ಬಾಗ್ಲ ತೆರದಿರ್ಲಿ, ಮಿಸ್ತ್ರಿ ಕಾಯಲಿ. ಡಬ್ಬಿ ಆದ ದಿನ ಕೀಲಿ ಹಾಕ್ತೀನಿ. ಕಿಡಿ ಹಿಡಿಯಾಕ ಮಿಷನ್ ಇದ್ದ ಮ್ಯಾಲ ಬಾಗ್ಲ ಯಾಕ ಬೇಕು?”

ಇನ್ನೊಂದು ಇಕ್ಕಟ್ಟು ಇದು. ನನ್ನ ಕೆಲಸ ಕೆಟ್ಟಿರುವ ತನಕ ಆ ಹೆಣ್ಣುಮಕ್ಕಳಿಗೆ ದಾರಿ ಇದೆ. ಸರಿಯಾದ ದಿನ ಮುಚ್ಚುತ್ತದೆ. ಆದರೆ ಕೆಟ್ಟದ್ದನ್ನು ಕೆಟ್ಟದ್ದಾಗಿಯೇ ಬಿಡಲು ಮನಸ್ಸು ಬರಲಿಲ್ಲ. ಮೊದಲು ಕೆಲಸ ಎಂದುಕೊಂಡೆ.

ಉಳಿದದ್ದು ಮೂರನೆಯ ಪದ್ಧತಿ, ಡೈರೆಕ್ಟ್ ಮೆಮೊರಿ ಆಕ್ಸೆಸ್. ಬೋರ್ಡಿನ ಚಿಪ್ಪಿನೊಳಗೇ ಪ್ರೊಸೆಸರಿನ ಪಕ್ಕದಲ್ಲಿ ಬರೀ ಹೊತ್ತುಹಾಕುವ ಕೆಲಸಕ್ಕೆಂದೇ ಒಂದು ಪುಟ್ಟ ವ್ಯವಸ್ಥೆ ಇರುತ್ತದೆ. ಎಲ್ಲಿಂದ ತರಬೇಕು, ಮೆಮೊರಿಯಲ್ಲಿ ಎಲ್ಲಿಡಬೇಕು, ಎಷ್ಟು ಎಂದು ಅದಕ್ಕೆ ಒಮ್ಮೆ ಹೇಳಿದರೆ ಆಯಿತು. ಆಮೇಲೆ ಅಳತೆಗಳು ಪ್ರೊಸೆಸರನ್ನು ಎಬ್ಬಿಸದೆ ನೇರವಾಗಿ ಮೆಮೊರಿಗೆ ಹೋಗಿ ಕೂರುತ್ತವೆ. ಮೆಮೊರಿಯ ಆ ಜಾಗವನ್ನು ಎರಡು ಭಾಗ ಮಾಡಿದೆ. ಮೊದಲ ಭಾಗ ತುಂಬಿದಾಗ ಒಂದೇ ಒಂದು ಕರೆ. ಪ್ರೊಸೆಸರ್ ಅದನ್ನು ನೋಡುತ್ತಿರುವಾಗ ಎರಡನೆಯ ಭಾಗ ತುಂಬುತ್ತಿರುತ್ತದೆ. ಅದೂ ತುಂಬಿದರೆ ಮತ್ತೆ ಮೊದಲನೆಯದು. ಕಾರ್ಡಿಗೆ ಬರೆಯುವ ನಿಧಾನದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದೆ.

“ಈಗ ಏನ್ ಮಾಡಾಕತ್ತೀದಿ?” ಎಂದು ಅತ್ತೆಯವರು ಕೇಳಿದರು.

“ನಳಕ್ಕ ಪೈಪ್ ಹಚ್ಚಿ ಎರಡು ಬ್ಯಾರಲ್ ಇಟ್ಟೀನ್ರಿ. ಒಂದು ತುಂಬಿದ ಮ್ಯಾಲ ಕರೀರಿ ಅಂದೀನಿ, ಕೊಡಕೊಮ್ಮೆ ಬ್ಯಾಡ.”

“ಇಷ್ಟ ದಿನ ಕೊಡಕೊಮ್ಮೆ ಕರೀತಿತ್ತೇನು? ಅದಕ್ಕ ಸಾಯಾಕ ಬಂದದ ಅದು.”

ಅದೂ ಒಮ್ಮೆಗೇ ಕೈಗೂಡಲಿಲ್ಲ. ಮಿಲ್ಲಿನಲ್ಲಿ ಹಚ್ಚಿ ನೋಡಿದರೆ ಬ್ಯಾಟರಿ ಮಿಂಚಿಸಿದಾಗ ಸುಮ್ಮನಿದ್ದು, ಆರಿಸಿ ಎಷ್ಟೋ ಹೊತ್ತಿನ ಮೇಲೆ ಕೂಗುತ್ತಿತ್ತು. ಕೆಲವೊಮ್ಮೆ ಕೂಗುತ್ತಲೇ ಇರಲಿಲ್ಲ. ಮೆಮೊರಿಯಲ್ಲಿ ಹೊಸ ಅಂಕಿ ಬಂದದ್ದು ಖರೆ, ತೆಗೆದು ನೋಡಿದೆ. ಪ್ರೊಸೆಸರ್ ಓದುತ್ತಿದ್ದುದು ಮಾತ್ರ ಹಳೆಯದು. ದಿನಗಟ್ಟಲೆ ತಲೆಕೆಟ್ಟಿತು. ಗಾಜಿನ ಕೋಣೆಯಲ್ಲಿ ಕೂತು ಕಣ್ಣೀರೂ ಹಾಕಿದೆ. ಕೊನೆಗೆ ಚಿಪ್ಪಿನ ಕೈಪಿಡಿಯಲ್ಲಿ ಸಿಕ್ಕಿತು. ಪ್ರೊಸೆಸರ್ ಓದಿದ ಅಂಕಿಗಳ ನಕಲೊಂದನ್ನು ಬೇಗ ಸಿಗಲೆಂದು ತನ್ನ ಬಗಲಲ್ಲೇ ಇಟ್ಟುಕೊಳ್ಳುತ್ತದೆ. ತಾನು ಮುಟ್ಟದೆ ಬೇರೆ ಯಾರೋ ಮೆಮೊರಿಯನ್ನು ಬದಲಿಸಿದರೆ ಅದಕ್ಕೆ ತಿಳಿಯುವುದಿಲ್ಲ, ಬಗಲಿನ ನಕಲನ್ನೇ ಓದುತ್ತದೆ. ಪ್ರತಿ ಭಾಗವನ್ನು ನೋಡುವ ಮುಂಚೆ ಆ ನಕಲನ್ನು ಬಿಸಾಕು ಎಂದು ಒಂದು ಸಾಲು ಸೇರಿಸಿದೆ. ಮಿಂಚಿಸಿದ ಕೂಡಲೇ ಕೂಗಿತು. ಎಲ್ಲ ಕಣ್ಣೂ ಜೋಡಿಸಿಯೇ ಕೂಗಿತು. ಪ್ರತಿ ಭಾಗವನ್ನು ನೋಡಿ ಮುಗಿಸಿದಾಗಲೇ ಹಸಿರನ್ನು ಹೊಸದಾಗಿ ಹಚ್ಚಬೇಕು, ಹಚ್ಚದಿದ್ದರೆ ಹತ್ತಿಯ ಯಂತ್ರ ತಾನೇ ನಿಲ್ಲಬೇಕು ಎಂದೂ ಬರೆದೆ. ಸತ್ತ ಹಸಿರನ್ನು ಇನ್ನೊಮ್ಮೆ ನಂಬುವ ಧೈರ್ಯ ನನಗಿರಲಿಲ್ಲ.

ಬೋರ್ಡಿನಲ್ಲಿ ಕಣ್ಣುಗಳ ತಂತಿ ಸೇರುವ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಪ್ಯಾನೆಲ್ಲಿನವರಿಗೆ, “ಹಿಂದಿನ ಬಾಗಲಕ್ಕ ಒಂದು ಮ್ಯಾಗ್ನೆಟ್ ಸ್ವಿಚ್ ಹಚ್ಚಿ ತಂತಿ ಎಳೀರಿ. ಬಾಗ್ಲ ತೆರದದೋ ಮುಚ್ಚ್ಯದೋ ಡಬ್ಬಿಗಿ ತಿಳೀಬೇಕು” ಅಂದೆ.

ಅವರಿಗೆ ಅರ್ಥವಾಯಿತು. “ವೈನಿ, ಸಾವ್ಕಾರ್ರು ನನ್ನ ಅದೇ ಬಾಗಲಕ್ಕ ತೋರಣ ಕಟ್ತಾರ ನೋಡ್ರಿ.” ಹಾಗೆನ್ನುತ್ತಲೇ ತಂತಿ ಎಳೆದರು.

ವಿಮೆಯವರು ಕಡೆಗೂ ಬಂದ ದಿನ ಎಲ್ಲವನ್ನೂ ತೋರಿಸಿದೆ. ಮುಚ್ಚಿಡಲಿಲ್ಲ. ಕಣ್ಣುಗಳಾದ ಮೇಲೆ, “ಇದು ಹಿಂದಿನ ಬಾಗಿಲಿಂದು. ಇದು ಮುಚ್ಚಿದ್ರ ಮಿಷನ್ ಚಾಲೂ ಆಗಂಗಿಲ್ರಿ” ಅಂದೆ. ವಿಮೆಯವರು ಒಳ್ಳೆಯದೆಂದು ತಲೆಯಾಡಿಸಿದರು. ಸಾವ್ಕಾರ್ರು ಅವರು ಕಾರು ಹತ್ತುವ ತನಕ ತಡೆದುಕೊಂಡರು.

“ತಗೀ ಅದನ್ನ.”

“ತಗೀತೀನ್ರಿ. ತಗದ ಮ್ಯಾಲ ಎಲ್ಲಾ ಮತ್ತ ಮೊದ್ಲಿಂದ ನೋಡಬೇಕಾಗ್ತದ. ವಿಮೆದವ್ರನ್ನೂ ಮತ್ತ ಕರೀಬೇಕು. ಅಲ್ಲಿತನಕ ಬಾಗ್ಲ ತೆರದಿರಬೇಕು, ನೀವ ಹೇಳೀರಿ.”

ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. “ಹತ್ತಿ ಕಳುವಾದ್ರ?”

“ಬಾಗಲದಾಗ ನೀವ ಒಂದು ಕುರ್ಚಿ ಹಾಕ್ಕೊಂಡು ಕುಂದರ್ರಿ ಸಾವ್ಕಾರ್ರ, ಗಾಳಿ ಭಾಳ ಚಲೋ ಬರ್ತದ” ಎಂದು ಹಾಲಿನೊಳಗಿಂದ ಹಿರಿಯಳು ಕೂಗಿದಳು. ಒಳಗೆ ನಗೆಯೆದ್ದಿತು. ಅವರು ಆಫೀಸಿನ ಕಡೆ ನಡೆದರು. ತೆಗೆ ಎಂದು ಮತ್ತೆ ಹೇಳಿ ಕಳಿಸಲಿಲ್ಲ.

ನನಗೆ ಬಿಡುಗಡೆಯಾಯಿತು. ಮುಂದಿನ ಅಮಾವಾಸ್ಯೆಗೆ ಪೂಜೆಗೆಂದು ಕರೆದರು, ಕಾಯಿ ಹಿಡಿದು ಹೋದೆ. ಮಿಸ್ತ್ರಿ ಈ ಸಲ ವಿಭೂತಿಯನ್ನು ಕಣ್ಣು ಬಿಟ್ಟು ಅದರ ಮೇಲಿನ ತಗಡಿಗೆ ಹಚ್ಚಿದ್ದ. ಆರತಿಯನ್ನು ಗಾಜಿನ ಕಿಂಡಿಗೆ ಎತ್ತಿದ್ದೇ ತಡ, ಸೈರನ್ ಬೊಬ್ಬೆ ಹಾಕಿತು. ಅವನ ಕೈಯ ತಟ್ಟೆ ಅಲುಗಾಡಿ ಕುಂಕುಮವೆಲ್ಲ ಚೆಲ್ಲಿತು. ಸಾವ್ಕಾರ್ರು ಕಿವಿ ಮುಚ್ಚಿಕೊಂಡು, “ಪೂಜಿ ಹೊತ್ತಿನಾಗರ ಬಂದ್ ಮಾಡಾಕ ಬರಂಗಿಲ್ಲೇನವ್ವ?” ಅಂದರು.

“ಬರಂಗಿಲ್ರಿ” ಅಂದೆ. ಅಷ್ಟು ಚೆಂದದ ಮಂಗಳಾರತಿಯನ್ನು ನಾನು ಕೇಳಿರಲಿಲ್ಲ.

ಸದ್ದು ಅಡಗಿದ ಮೇಲೆ ಯಂತ್ರಕ್ಕೆ ತುತ್ತು ಕೊಡುವ ಹೊತ್ತಾಯಿತು. ಮುಂಬಾಗಿಲಿಗೆ ಟ್ರಾಲಿ ಬಂದು ನಿಂತಿತು. ಮಿಸ್ತ್ರಿ ಆರತಿ ತಟ್ಟೆಯನ್ನು ಕೆಳಗಿಟ್ಟು, ಯಾರೂ ಹೇಳದೆ, ಹಾಲಿನ ಆ ತುದಿಗೆ ನಡೆದುಹೋಗಿ ಹಿಂದಿನ ಬಾಗಿಲನ್ನು ಹಾರುಹೊಡೆದು ತೆರೆದಿಟ್ಟ.